ಯಾವುದು ಮೊದಲು? ರಕ್ಷಣಾಕ್ರಮದ ಬಗ್ಗೆ ಕೆಲವು ಮಾತು



ದತ್ತಿ ಉಪನ್ಯಾಸಕ್ಕೆ ಬಂದವನು ಮೊದಲು ಆ ಪದದ ಋಣ ತೀರಿಸಬೇಕು. ದತ್ತಿ ಎಂದರೆ ಕೊಟ್ಟದ್ದು. ಯಾರೋ ಹಣ ಇಟ್ಟಿದ್ದಾರೆ. ಅದರ ಬಡ್ಡಿಯಲ್ಲಿ ನನ್ನ ಬಸ್ಸಿನ ಖರ್ಚು, ನಿಮ್ಮ ಚಹಾ, ಮುಂದೆ ಅಚ್ಚಾಗುವ ಪುಸ್ತಿಕೆ ಎಲ್ಲವೂ ನಡೆಯುತ್ತದೆ. ನಾನು ಪೈಸೆ ಕೊಟ್ಟವನಲ್ಲ, ಪಡೆಯುವವನು. ದತ್ತು ಎಂಬ ಮಾತೂ ಇದೇ ಧಾತುವಿನಿಂದ ಬಂದದ್ದು. ಈ ಎರಡೂ ಪದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತವೆ.

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನ ಒತ್ತಾಯಕ್ಕೆ ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಂದು ಫಾರಂ ಕೊಟ್ಟರು. ಹೆಸರು, ಊರು, ಯಾವ ಸಭೆ, ಮತ್ತು ನಾಲ್ಕನೆಯ ಸಾಲಿನಲ್ಲಿ 'ರಕ್ಷಣೆ ಹೊಂದಿದ ತಾರೀಕು'. ಗೆಳೆಯ ತಾರೀಕಿನ ಜೊತೆಗೆ ಗಂಟೆಯನ್ನೂ ಬರೆದ. ನಾನು ಸ್ವಲ್ಪ ಯೋಚಿಸಿ, ನಲವತ್ತು ದಿನದ ಕೂಸಾಗಿದ್ದಾಗ ನನಗೆ ದೀಕ್ಷಾಸ್ನಾನವಾದ ತಾರೀಕು ಬರೆದೆ. ಸ್ವಯಂಸೇವಕರು ಅದನ್ನು ಓದಿ ನಕ್ಕು, ಫಾರಂ ವಾಪಸು ಕೊಟ್ಟರು. "ಇದು ನಿಮ್ಮ ಅಪ್ಪ ಅಮ್ಮ ನಿಮ್ಮನ್ನು ಎತ್ತಿಕೊಂಡು ಹೋದ ದಿನ ತಮ್ಮಾ. ನೀವು ರಕ್ಷಣೆ ಹೊಂದಿದ್ದು ಯಾವಾಗ?" ಕೇಳಿದ್ದರಲ್ಲಿ ಒರಟುತನ ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ನನ್ನ ಹತ್ತಿರ ಮಾತ್ರ ಉತ್ತರ ಇರಲಿಲ್ಲ.

ಆ ನಾಲ್ಕನೆಯ ಸಾಲಿನ ಹಿಂದೆ ದೊಡ್ಡದೊಂದು ಶಾಸ್ತ್ರವೇ ಇದೆಯೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಓರ್ಡೊ ಸಾಲೂಟಿಸ್' ಎನ್ನುತ್ತಾರೆ. ನಾವು ರಕ್ಷಣಾಕ್ರಮ ಎನ್ನೋಣ. ಕ್ರಿಸ್ತನು ಮಾಡಿದ ಕೆಲಸ ಒಂದು ಕಡೆ. ಆ ಕೆಲಸ ಒಬ್ಬ ಮನುಷ್ಯನಿಗೆ, ಇಂಥ ಊರಿನ ಇಂಥವನಿಗೆ, ಹೇಗೆ ಬಂದು ತಲುಪುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂಬ ವಿಚಾರ ಇನ್ನೊಂದು ಕಡೆ. ಹೆಸರು ಗಟ್ಟಿಯಾಗಿ ನಿಂತದ್ದು 18ನೆಯ ಶತಮಾನದ ಲೂಥರನ್ ಪಂಡಿತರ ಕೈಯಲ್ಲಿ. ಜಗಳ ಅದಕ್ಕಿಂತ ಸುಮಾರು ಸಾವಿರದ ಮುನ್ನೂರು ವರ್ಷ ಹಳೆಯದು. ಸಾಮಾನ್ಯವಾಗಿ ಕೇಳಿಬರುವ ಪಟ್ಟಿ ಇದು: ಕರೆ, ಹೊಸ ಹುಟ್ಟು, ಮಾನಸಾಂತರ, ನಂಬಿಕೆ, ನೀತಿವಂತನೆಂಬ ನಿರ್ಣಯ, ದತ್ತುಸ್ವೀಕಾರ, ಪವಿತ್ರೀಕರಣ, ಕೊನೆಯತನಕ ತಾಳಿಕೊಳ್ಳುವುದು, ಮಹಿಮೆ. ಕನ್ನಡದ ಕಿವಿಗೆ ಇದು ಷಟ್‌ಸ್ಥಲದ ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಸ್ಥಲ ಎಂದರೆ ಭಕ್ತ ನಿಂತ ನೆಲೆ. ಈ ಪಟ್ಟಿಯಲ್ಲಿರುವವು ಬಹುಪಾಲು ದೇವರು ಮಾಡುವ ಕೆಲಸಗಳು. ಮನುಷ್ಯನ ಪಾಲಿಗೆ ಬರುವುದು ಒಂದೆರಡು. ಅವೂ ಅವನ ಸ್ವಂತದ್ದು ಹೌದೋ ಅಲ್ಲವೋ ಎಂಬುದರ ಮೇಲೆಯೇ ಜಗಳ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಈ ಕ್ರಮ ಗಡಿಯಾರದ್ದಲ್ಲ. ಇದನ್ನು ಗಡಿಯಾರದ ಕ್ರಮವೆಂದು ಓದಿದಾಗಲೆಲ್ಲ ಯಾರಾದರೊಬ್ಬರ ಕೈಗೆ ಒಂದು ಫಾರಂ ಬಂದಿದೆ.

ನಮ್ಮ ಭಾಷೆಯಿಂದಲೇ ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಕನ್ನಡದಲ್ಲಿ ಎರಡು ಕೆಲಸಗಳನ್ನು ಪೋಣಿಸಬೇಕಾದರೆ ಕೃದಂತ ಬೇಕು. 'ಬಂದು ಉಂಡು ಹೋದ.' ಇಲ್ಲಿ ಬಂದದ್ದು ಮೊದಲು, ಉಂಡದ್ದು ಆಮೇಲೆ, ಹೋದದ್ದು ಕೊನೆಗೆ. ಆದರೆ 'ಕೈಮುಗಿದು ಬೇಡಿದ' ಎನ್ನುವಾಗ? ಕೈಮುಗಿದು ಮುಗಿಸಿ, ಕೈ ಇಳಿಸಿ, ಆಮೇಲೆ ಬೇಡಿದನೆಂದು ಯಾರೂ ಅರ್ಥ ಮಾಡುವುದಿಲ್ಲ. ಎರಡೂ ಒಂದೇ ಗಳಿಗೆಯವು. ಹಾಗಿದ್ದರೂ 'ಬೇಡಿ ಕೈಮುಗಿದ' ಎಂದು ತಿರುಗಿಸಿದರೆ ಬೇರೆಯೇ ಮಾತಾಗುತ್ತದೆ. ಅಂದರೆ ಕಾಲದಲ್ಲಿ ಹಿಂದುಮುಂದು ಇಲ್ಲದ ಕಡೆಯೂ ಕ್ರಮ ಎಂಬುದು ಇರುತ್ತದೆ. 'ನಂಬಿ ರಕ್ಷಣೆ ಹೊಂದಿದ' ಎಂಬ ವಾಕ್ಯದಲ್ಲಿರುವುದು ಉಂಡು ಹೋದವನ ಕೃದಂತವೋ ಕೈಮುಗಿದು ಬೇಡಿದವನ ಕೃದಂತವೋ? ಈ ಹೊತ್ತಿನ ಉಪನ್ಯಾಸವೆಲ್ಲ ಅದರಲ್ಲೇ ಇದೆ.

ಈ ವಿಷಯ ಎತ್ತಿದವರೆಲ್ಲ ಮೊದಲು ತೆರೆಯುವುದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ, 29 ಮತ್ತು 30ನೆಯ ವಚನ. ಕ್ರಿ.ಶ. 57ರ ಸುಮಾರಿಗೆ ಕೊರಿಂಥದಲ್ಲಿ ಕುಳಿತು ಹೇಳಿ ಬರೆಯಿಸಿದ ಪತ್ರ ಅದು. ಬರೆದುಕೊಂಡವನು ತೆರ್ತ್ಯ, ಪತ್ರದ ಕೊನೆಯಲ್ಲಿ ತಾನೂ ಒಂದು ವಂದನೆ ಸೇರಿಸಿದ್ದಾನೆ. ಆ ಎರಡು ವಚನಗಳಲ್ಲಿ ಐದು ಕ್ರಿಯಾಪದ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬರುತ್ತವೆ: ದೇವರು ಮೊದಲೇ ಅರಿತ, ನೇಮಿಸಿದ, ಕರೆದ, ನೀತಿವಂತರೆಂದು ನಿರ್ಣಯಿಸಿದ, ಮಹಿಮೆಗೆ ಸೇರಿಸಿದ. ಇದಕ್ಕೆ ಬಂಗಾರದ ಸರಪಳಿ ಎಂಬ ಹೆಸರು ಬಂತು. ಸರಪಳಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇದರಲ್ಲಿ ನಂಬಿಕೆ ಇಲ್ಲ. ಮಾನಸಾಂತರ ಇಲ್ಲ. ಹೊಸ ಹುಟ್ಟು ಇಲ್ಲ. ಪವಿತ್ರೀಕರಣವೂ ಇಲ್ಲ. ಪಟ್ಟಿ ಮಾಡುವವರಿಗೆ ಬೇಕಾದ ಅರ್ಧ ಸಾಮಾನು ಇಲ್ಲಿ ಸಿಗುವುದಿಲ್ಲ.

ಇನ್ನೊಂದು ವಿಚಿತ್ರ: ಐದೂ ಭೂತಕಾಲ. ಪತ್ರ ಕೇಳಿಸಿಕೊಂಡವರು ರೋಮಿನ ಓಣಿಗಳಲ್ಲಿ ಬದುಕುತ್ತಿದ್ದ, ತೆರಿಗೆ ಕಟ್ಟುತ್ತಿದ್ದ ಜನ. ಅವರನ್ನು ಆಗಲೇ ಮಹಿಮೆಗೆ ಸೇರಿಸಿಯಾಯಿತು ಎನ್ನುತ್ತಾನೆ ಪೌಲ. ವ್ಯಾಖ್ಯಾನಕಾರರು ಇದಕ್ಕೆ ಪುಟಗಟ್ಟಲೆ ಬರೆದಿದ್ದಾರೆ. ಕನ್ನಡದವನಿಗೆ ಅಷ್ಟು ಕಷ್ಟವಿಲ್ಲ. ಹೊರಗಿನಿಂದ ಯಾರಾದರೂ ಕೂಗಿದರೆ ಒಳಗೆ ಕುರ್ಚಿಯಿಂದ ಏಳದೆಯೇ 'ಬಂದೆ' ಎನ್ನುತ್ತೇವಲ್ಲ? ಬರುವುದರಲ್ಲಿ ಸಂಶಯವಿಲ್ಲ ಎಂಬುದನ್ನು ನಾವು ಭೂತಕಾಲದಲ್ಲೇ ಹೇಳುವುದು.

ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿ ತೊಳೆಯಲ್ಪಟ್ಟಿರಿ, ಪವಿತ್ರರಾದಿರಿ, ನೀತಿವಂತರಾದಿರಿ ಎಂಬ ಅರ್ಥದಲ್ಲಿ ಮೂರು ಮಾತು ಜೋಡಿಸುತ್ತಾನೆ. ಪಟ್ಟಿಯವರು ಮುಂದೆ ಇಟ್ಟದ್ದು ಇಲ್ಲಿ ಹಿಂದೆ, ಹಿಂದೆ ಇಟ್ಟದ್ದು ಮುಂದೆ. ಅಪೊಸ್ತಲರ ಕೃತ್ಯಗಳಿಗೆ ಬಂದರೆ ಇನ್ನೂ ಗೊಂದಲ. ಸಮಾರ್ಯದವರಿಗೆ ಮೊದಲು ದೀಕ್ಷಾಸ್ನಾನ, ಪವಿತ್ರಾತ್ಮ ಬಂದದ್ದು ಆಮೇಲೆ. ಕೊರ್ನೇಲ್ಯನ ಮನೆಯಲ್ಲಿ ಪೇತ್ರನ ಪ್ರಸಂಗ ಮುಗಿಯುವ ಮೊದಲೇ ಆತ್ಮ ಇಳಿದು, ನೀರು ಆಮೇಲೆ. ಕೃತ್ಯಗಳನ್ನು ಬರೆದ ಲೂಕನಿಗೆ ಇದನ್ನು ಸರಿಪಡಿಸಬೇಕೆಂದು ಅನ್ನಿಸಿದ ಗುರುತೇ ಇಲ್ಲ.

ಸರಿಪಡಿಸಬೇಕೆಂದು ಅನ್ನಿಸಿದ್ದು ವಿಶ್ವವಿದ್ಯಾಲಯಗಳಿಗೆ. ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ 1590ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ತಂದ. ಮರುವರ್ಷ ಅದು ಇಂಗ್ಲಿಷಿಗೂ ಬಂತು. ಹೆಸರೇ ಬಂಗಾರದ ಸರಪಳಿ. ಅದರೊಳಗೆ ಮಡಿಸಿ ಇಟ್ಟ ಒಂದು ದೊಡ್ಡ ನಕ್ಷೆ. ಜಿನೀವಾದ ಬೇಜಾ 1555ರಲ್ಲೇ ಇಂಥದೊಂದನ್ನು ಮಾಡಿದ್ದ, ಆದರೆ ಪರ್ಕಿನ್ಸನದು ಅದರ ಅಣ್ಣ. ಬಿಚ್ಚಿ ಮೇಜಿನ ಮೇಲೆ ಹರಡಿದರೆ ನೆತ್ತಿಯಲ್ಲಿ ತ್ರಿಯೇಕ ದೇವರು, ಅಲ್ಲಿಂದ ಕೆಳಕ್ಕೆ ವೃತ್ತಗಳ ಸಾಲು. ಒಂದು ಬದಿಗೆ ಆಯ್ಕೆಯಾದವರ ಬಿಳಿ ಗೆರೆ, ಇನ್ನೊಂದು ಬದಿಗೆ ತಳ್ಳಲ್ಪಟ್ಟವರ ಕಪ್ಪು ಗೆರೆ, ನಡುವೆ ಕ್ರಿಸ್ತನ ಜನನ ಮರಣ ಪುನರುತ್ಥಾನಗಳ ಕಂಬ. ಬಿಳಿ ಬದಿಯ ಒಂದೊಂದು ವೃತ್ತಕ್ಕೂ ಆ ನಡುಗಂಬದಿಂದ ಎಳೆ ಹೋಗಿದೆ. ಓದಲು ಬಾರದವರು ಬೆರಳಿಟ್ಟು ತಿಳಿದುಕೊಳ್ಳಲಿ, ಇದು ಕಣ್ಣಿನ ಪಾಠ ಎಂಬುದು ಪರ್ಕಿನ್ಸನ ಉದ್ದೇಶ.

ನನಗೆ ಇದನ್ನು ಮೊದಲು ನೋಡಿದಾಗ ನೆನಪಾದದ್ದು ವೈಕುಂಠ ಏಕಾದಶಿಯ ರಾತ್ರಿ ಪಕ್ಕದ ಮನೆಯವರು ಹಾಸುತ್ತಿದ್ದ ಪರಮಪದ ಸೋಪಾನ ಪಟ. ಅಲ್ಲಿಯೂ ಮನೆಗಳು, ಅಲ್ಲಿಯೂ ಗೆರೆಗಳು. ಆ ಪಟದಲ್ಲಿ ಹಾವು ನುಂಗಿದರೂ ಕವಡೆ ಮತ್ತೆ ಕೈಗೆ ಬರುತ್ತದೆ. ಪರ್ಕಿನ್ಸನ ನಕ್ಷೆಯಲ್ಲಿ ಕವಡೆ ಇಲ್ಲ. ಇನ್ನೂ ಹೆದರಿಸುವುದು ಕಪ್ಪು ಗೆರೆಯ ಮೇಲಿನ ಕೆಲವು ವೃತ್ತಗಳು: ಅಲ್ಲೂ ಒಂದು ಬಗೆಯ ಕರೆ ಇದೆ, ಒಂದು ಬಗೆಯ ಬೆಳಕಿದೆ, ಒಂದು ಬಗೆಯ ತಾತ್ಕಾಲಿಕ ನಂಬಿಕೆಯೂ ಇದೆ, ಆಮೇಲೆ ಜಾರಿ ಬೀಳುವುದು. ಹಾಗಾದರೆ ಬೆರಳಿಟ್ಟ ಓದು ಬಾರದ ರೈತನಿಗೆ ತನ್ನ ನಂಬಿಕೆ ಯಾವ ಬದಿಯದೆಂದು ಗೊತ್ತಾಗುವುದು ಹೇಗೆ? ಪರ್ಕಿನ್ಸ್ ಕರುಣೆ ಇಲ್ಲದವನಲ್ಲ. ಬಿಳಿ ಬದಿಯಲ್ಲೂ ಸಂದೇಹಕ್ಕೆ ಜಾಗ ಕೊಟ್ಟಿದ್ದಾನೆ. ಸಂದೇಹಪಟ್ಟವನು ತಾನಾಗಿಯೇ ಕಪ್ಪು ಗೆರೆಗೆ ಹೋಗುವುದಿಲ್ಲ ಎಂಬುದು ಅದರ ಅರ್ಥ. ಆದರೂ ಕಾಗದದ ಮೇಲೆ ಮೇಲಿಂದ ಕೆಳಕ್ಕೆ ಗೆರೆ ಎಳೆದ ಕೂಡಲೇ ತರ್ಕದ ಕ್ರಮ ದಾರಿಯ ಕ್ರಮವಾಗುತ್ತದೆ. ನಾನೀಗ ಎಷ್ಟನೆಯ ವೃತ್ತದಲ್ಲಿದ್ದೇನೆ ಎಂದು ಮನುಷ್ಯ ಕೇಳಿಯೇ ಕೇಳುತ್ತಾನೆ.

ಜಗಳದ ಮೂಲಕ್ಕೆ ಹೋಗೋಣ. ದೇವರ ಕಡೆಗೆ ಮೊದಲ ಹೆಜ್ಜೆ ಯಾರದು? 5ನೆಯ ಶತಮಾನದಲ್ಲಿ ಹಿಪ್ಪೋದ ಅಗಸ್ಟೀನ್ ಪೂರ್ತಿ ಕೃಪೆಯ ಪಕ್ಷ. ಮಾರ್ಸೇಯಲ್ಲಿ ಮಠ ಕಟ್ಟಿಕೊಂಡಿದ್ದ ಜಾನ್ ಕ್ಯಾಸಿಯನ್ ಸ್ವಲ್ಪ ತಡೆದು ನಿಂತ. ಸುಂಕದವನಾಗಿದ್ದ ಮತ್ತಾಯನನ್ನೂ ಕ್ರೈಸ್ತರನ್ನು ಹಿಡಿಯಲು ಹೊರಟಿದ್ದ ಪೌಲನನ್ನೂ ದೇವರೇ ಎಳೆದುಕೊಂಡ, ಸರಿ. ಮರ ಹತ್ತಿ ಕುಳಿತ ಜಕ್ಕಾಯ? ಶಿಲುಬೆಯ ಮೇಲಿಂದ ಬೇಡಿಕೊಂಡ ಕಳ್ಳ? ಅವರಲ್ಲಿ ಮೊದಲು ಎದ್ದದ್ದು ಅವರದೇ ಮನಸ್ಸಲ್ಲವೇ ಎಂಬುದು ಅವನ ವಾದ. ಮಠದಲ್ಲಿ ದಿನವೂ ಜನರನ್ನು ನೋಡಿದವನ ಮಾತು ಇದು, ನನಗೆ ಇದರ ಮೇಲೆ ಮಮತೆ ಇದೆ. ಆದರೆ 529ರಲ್ಲಿ ಓರಾಂಜ್‌ನಲ್ಲಿ ಸೇರಿದ ಚಿಕ್ಕ ಸಭೆ, ಆರ್ಲ್‌ನ ಬಿಷಪ್ ಸಿಸೇರಿಯಸ್‌ನ ಮುಂದಾಳ್ತನದಲ್ಲಿ, ನಂಬಬೇಕೆಂಬ ಮೊದಲ ಆಸೆಯೂ ಕೃಪೆಯಿಂದಲೇ ಬಂದದ್ದು ಎಂದು ತೀರ್ಮಾನಿಸಿತು. ಜಕ್ಕಾಯ ಮರ ಹತ್ತಿದ್ದು ನಿಜ. ಹತ್ತಬೇಕೆಂದು ಅನ್ನಿಸಿದ್ದು ಎಲ್ಲಿಂದ ಎಂಬುದು ಸಭೆಯ ಪ್ರಶ್ನೆ.

ನಮ್ಮ ಕಡೆ ಈ ಮಾತು ಬಂದರೆ ತಕ್ಷಣ ಯಾರಾದರೂ ಕೋತಿಮರಿ ಬೆಕ್ಕಿನಮರಿಯನ್ನು ತರುತ್ತಾರೆ. ಶ್ರೀವೈಷ್ಣವರಲ್ಲಿ ವಡಗಲೆಯವರದು ತಾಯಿಯನ್ನು ಅಪ್ಪಿಕೊಳ್ಳುವ ಕೋತಿಮರಿಯ ನ್ಯಾಯ, ತೆಂಗಲೆಯವರದು ತಾಯಿಯೇ ಕಚ್ಚಿಕೊಂಡು ಹೋಗುವ ಬೆಕ್ಕಿನಮರಿಯ ನ್ಯಾಯ. ಜರ್ಮನಿಯ ರುಡಾಲ್ಫ್ ಆಟೊ ಇದನ್ನು ಕ್ರೈಸ್ತರ ಕೃಪಾವಾದದ ಪಕ್ಕದಲ್ಲಿಟ್ಟು ಪುಸ್ತಕವನ್ನೇ ಬರೆದ. ಹೋಲಿಕೆ ಚೆಂದ, ಅರ್ಧ ದಾರಿಯ ತನಕ. ಎರಡೂ ನ್ಯಾಯಗಳಲ್ಲಿ ಮರಿ ಜೀವಂತವಾಗಿದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಮನುಷ್ಯ ಪಾಪದಲ್ಲಿ ಸತ್ತವನು. ಸತ್ತ ಮರಿ ಅಪ್ಪಿಕೊಳ್ಳುವುದೂ ಇಲ್ಲ, ಅದನ್ನು ಕಚ್ಚಿಕೊಂಡು ಹೋಗಿ ಪ್ರಯೋಜನವೂ ಇಲ್ಲ. ಮೊದಲು ಅದಕ್ಕೆ ಜೀವ ಬರಬೇಕು. ಹೊಸ ಹುಟ್ಟು ಮೊದಲು, ನಂಬಿಕೆ ಆಮೇಲೆ ಎನ್ನುವವರು ನಿಂತಿರುವ ನೆಲ ಇದು.

ಆ ನೆಲಕ್ಕಾಗಿ ಹಾಲೆಂಡಿನಲ್ಲಿ ನಡೆದ ಕಾದಾಟ ದೊಡ್ಡದು. ಲೈಡನ್ನಿನ ಪ್ರಾಧ್ಯಾಪಕ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶಗಳ ಅರ್ಜಿ ಕೊಟ್ಟರು: ಯಾರು ನಂಬುತ್ತಾರೆಂದು ಮೊದಲೇ ಕಂಡು ದೇವರು ಆರಿಸಿಕೊಂಡ, ಕೃಪೆ ಬೇಕೇ ಬೇಕು ಆದರೆ ಅದನ್ನು ತಡೆಯುವುದಕ್ಕೆ ಮನುಷ್ಯನಿಂದ ಸಾಧ್ಯ. ಇದಕ್ಕೆ ಉತ್ತರ ಕೊಡಲು 1618ರ ನವೆಂಬರಿನಿಂದ 1619ರ ಮೇ ತನಕ ಡೋರ್ಟ್‌ನಲ್ಲಿ ಮಹಾಸಭೆ ಕೂತಿತು. ಅರ್ಜಿದಾರರು ಸೋತರು. ಅವರಿಗೆ ಆಸರೆಯಾಗಿದ್ದ ವೃದ್ಧ ರಾಜನೀತಿಜ್ಞ ಓಲ್ಡನ್‌ಬಾರ್ನವೆಲ್ಟ್‌ನ ತಲೆಯನ್ನು ಅದೇ ಮೇ ತಿಂಗಳಲ್ಲಿ ಕಡಿದರು. ಅದರ ಹಿಂದೆ ರಾಜಕೀಯ ಬೇಕಾದಷ್ಟಿತ್ತು, ದೇವತಾಶಾಸ್ತ್ರದ ಮೇಲೊಂದೇ ಹೊರಿಸಲಾಗದು. ಆದರೂ ಯಾವುದು ಮೊದಲು ಎಂಬ ಪ್ರಶ್ನೆಯ ಆಸುಪಾಸಿನಲ್ಲಿ ರಕ್ತ ಬಿದ್ದದ್ದು ಸುಳ್ಳಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ವಿದ್ಯಾರ್ಥಿಗಳು ಗುರುತು ಮಾಡಿಕೊಳ್ಳಬೇಕು. ಡೋರ್ಟ್ ಸಭೆಯ ನಿರ್ಣಯಗಳ ಪ್ರಕಾರ ಹೊಸ ಹುಟ್ಟು ಮೊದಲು. ಹಾಗೆ ಹುಟ್ಟಿದವನು ನಂಬುತ್ತಾನೆ. ಆ ನಿರ್ಣಯಗಳನ್ನು ಒಪ್ಪುವ ಸಭೆಗಳೇ ಒಪ್ಪಿಕೊಂಡ 1561ರ ಬೆಲ್ಜಿಕ್ ವಿಶ್ವಾಸಪ್ರಕಟನೆಯ 24ನೆಯ ಕಲಮು ನಂಬಿಕೆಯೇ ಮನುಷ್ಯನನ್ನು ಹೊಸದಾಗಿ ಹುಟ್ಟಿಸುತ್ತದೆ ಎನ್ನುತ್ತದೆ. ಎರಡೂ ಇವತ್ತಿಗೂ ಅದೇ ಸಭೆಗಳ ಅಧಿಕೃತ ದಾಖಲೆಗಳು. ಸುಳ್ಳು ಯಾವುದು? ಯಾವುದೂ ಅಲ್ಲ. 1561ರಲ್ಲಿ 'ಹೊಸ ಹುಟ್ಟು' ಎಂದರೆ ವಿಶ್ವಾಸಿಯ ಜೀವಮಾನವಿಡೀ ನಡೆಯುವ ಮಾರ್ಪಾಟು. ಕ್ಯಾಲ್ವಿನ್ನನೂ ಆ ಪದವನ್ನು ಹಾಗೆಯೇ ಬಳಸಿದ. 1619ರ ಹೊತ್ತಿಗೆ ಅದೇ ಪದ ಕುಗ್ಗಿ, ಜೀವ ಬಂದ ಮೊದಲ ಕ್ಷಣವೊಂದನ್ನೇ ಸೂಚಿಸತೊಡಗಿತ್ತು. ಕ್ರಮ ಬದಲಾದದ್ದಕ್ಕಿಂತ ಪದದ ಅಳತೆ ಬದಲಾದದ್ದೇ ಹೆಚ್ಚು. ರಕ್ಷಣಾಕ್ರಮದ ಮೇಲಿನ ಅರ್ಧ ವಾಗ್ವಾದಗಳು ನಿಘಂಟಿನ ವಾಗ್ವಾದಗಳು ಎಂಬುದು ನನ್ನ ಅನುಮಾನ.

ಕ್ಯಾಲ್ವಿನ್ನನ ಹೆಸರು ಬಂದದ್ದರಿಂದ ಒಂದು ಮಾತು. 1559ರ ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ ಅವನು ಮಾನಸಾಂತರವನ್ನು ಮೊದಲು ವಿವರಿಸಿ, ನೀತಿನಿರ್ಣಯವನ್ನು ಆಮೇಲೆ ಎತ್ತಿಕೊಳ್ಳುತ್ತಾನೆ. ಆಯ್ಕೆಯ ವಿಷಯಕ್ಕೆ ಬರುವುದು ಹೆಚ್ಚುಕಡಿಮೆ ಕೊನೆಗೆ. ಅವನ ಶಿಷ್ಯರು ನಕ್ಷೆಯ ನೆತ್ತಿಗೇರಿಸಿದ್ದನ್ನು ಅವನು ಅಡಿಯಲ್ಲಿ ಇಟ್ಟಿದ್ದ. ಕ್ರಿಸ್ತನೊಂದಿಗೆ ಕೂಡಿಕೊಂಡವನಿಗೆ ಮಾನಸಾಂತರ, ನೀತಿನಿರ್ಣಯ ಎರಡೂ ಒಟ್ಟಿಗೇ ಸಿಗುತ್ತವೆ, ಸೂರ್ಯನ ಬೆಳಕು ಮತ್ತು ಬಿಸಿಯ ಹಾಗೆ ಎಂಬುದು ಅವನ ಹೋಲಿಕೆ. ಬೆಳಕು ಬೇರೆ, ಬಿಸಿ ಬೇರೆ. ಮೊದಲು ಬಂದದ್ದು ಯಾವುದೆಂದು ಅಂಗಳದಲ್ಲಿ ನಿಂತವನು ಕೇಳುವುದಿಲ್ಲ.

ಈಗ ನಮ್ಮ ಕನ್ನಡಕ್ಕೆ ಬರೋಣ, ನನಗೆ ಬಹಳ ಇಷ್ಟವಾದ ಭಾಗ. ನೀತಿವಂತನೆಂಬ ನಿರ್ಣಯ ಎಂದೆನಲ್ಲ, ಆ ಮಾತೇ ಒಂದು ಪಕ್ಷ ಹಿಡಿದಿದೆ. ಗ್ರೀಕಿನ ಪದಕ್ಕೆ ನ್ಯಾಯಸ್ಥಾನದ ಬಣ್ಣ ಇದೆ: ನಿರ್ದೋಷಿ ಎಂದು ತೀರ್ಪು ಕೊಡುವುದು. ಲ್ಯಾಟಿನ್ನಿನ ಪದವನ್ನು ಬಿಡಿಸಿದರೆ ನೀತಿವಂತನನ್ನಾಗಿ ಮಾಡುವುದು. ಲೂಥರ್ ಮೊದಲ ಅರ್ಥದಲ್ಲಿ ಗಟ್ಟಿಯಾಗಿ ನಿಂತ. ಮನುಷ್ಯ ಒಳಗೆ ಇನ್ನೂ ಪಾಪಿಯಾಗಿರುವಾಗಲೇ ತೀರ್ಪು ಬರುತ್ತದೆ. 1547ರ ಜನವರಿ 13ರಂದು ತ್ರೆಂತ್ ಮಹಾಸಭೆ ಹೊರಡಿಸಿದ ನಿರ್ಣಯದಲ್ಲಿ 16 ಅಧ್ಯಾಯ, 33 ವಿಧಿಗಳಿವೆ. ಅದರ ಸಾರ: ಬರಿಯ ತೀರ್ಪು ಸಾಲದು, ದೇವರು ನಿಜವಾಗಿ ಒಳಗೆ ನೀತಿಯನ್ನು ತುಂಬುತ್ತಾನೆ. ಅಲ್ಲಿಯೂ ಮೊದಲ ಹೆಜ್ಜೆ ಕೃಪೆಯದೇ ಎಂಬುದನ್ನು ನಮ್ಮ ಪ್ರೊಟೆಸ್ಟೆಂಟ್ ಪ್ರಸಂಗಪೀಠಗಳು ಅನೇಕ ಸಲ ಮರೆತಿವೆ.

ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಶುರುಮಾಡಿದ ಕನ್ನಡ ಬೈಬಲು 1831ರ ಹೊತ್ತಿಗೆ ಪೂರ್ತಿಯಾಯಿತು. ಆಮೇಲೆ ಎಷ್ಟೋ ಪರಿಷ್ಕರಣೆಗಳು. ನಾವು ಓದಿ ಬೆಳೆದ ಅನುವಾದದಲ್ಲಿ ನೆಲೆಯಾದದ್ದು 'ನೀತಿವಂತರೆಂದು ನಿರ್ಣಯಿಸು' ಎಂಬ ಪ್ರಯೋಗ. ಅಪ್ಪಟ ಲೂಥರ್. ಆದರೆ ಕನ್ನಡದಲ್ಲಿ ನೀತಿ ಎಂದ ಕೂಡಲೇ ಪಂಚತಂತ್ರ, ನೀತಿಕತೆ, ಒಳ್ಳೆಯ ನಡತೆ. ನೀತಿವಂತನನ್ನು ನೀತಿವಂತನೆಂದು ನಿರ್ಣಯಿಸುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಓದುಗ ಮುಂದೆ ಹೋಗಿಬಿಡುತ್ತಾನೆ. ಪೌಲನು ಹೇಳುವುದು ಭಕ್ತಿಹೀನನಿಗೆ ಆ ತೀರ್ಪು ಸಿಕ್ಕಿತು ಎಂದು. ಆ ಗಾಬರಿ ಕನ್ನಡದಲ್ಲಿ ತಣ್ಣಗಾಗಿದೆ. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಕೂಡಿ ಬಳಸಬಹುದಾದ ಈಚಿನ ಅನುವಾದದಲ್ಲಿ ಇದೇ ಜಾಗಕ್ಕೆ 'ಸತ್ಸಂಬಂಧ' ಬಂದಿದೆ. ಕೋರ್ಟಿನಿಂದ ಮನೆಗೆ ಬಂದಂತಾಯಿತು. ಹಾಯಾಗಿದೆ; ಆದರೆ ತೀರ್ಪಿನ ಹರಿತ ಹೋಯಿತು.

ಸೋಲಿನ ಕತೆ ಮಾತ್ರವಲ್ಲ, ಗೆಲುವೂ ಇದೆ. ಅಬ್ರಹಾಮನ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಬರೆಯಲ್ಪಟ್ಟಿತು ಎನ್ನಲು ಪೌಲ ಬಳಸುವುದು ವ್ಯಾಪಾರದ ಒಂದು ಪದ, ಲೊಗಿಜೊಮಾಯ್. ಅದಕ್ಕೆ ಲೆಕ್ಕ ಹಾಕು ಎಂಬ ಅರ್ಥವೂ ಇದೆ, ಭಾವಿಸು ಎಂಬ ಅರ್ಥವೂ ಇದೆ. ಕನ್ನಡ ಅನುವಾದಕರು ಹಾಕಿದ್ದು 'ಎಣಿಸು'. ದುಡ್ಡು ಎಣಿಸುತ್ತೇವೆ. ಕರಾವಳಿಯಲ್ಲಿ 'ನೀವು ಬರುವುದಿಲ್ಲವೆಂದು ಎಣಿಸಿದೆ' ಎಂದೂ ಹೇಳುತ್ತೇವೆ. ಗ್ರೀಕಿನ ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ. ಎಷ್ಟೋ ಭಾಷೆಗಳಿಗೆ ಈ ಭಾಗ್ಯ ಇಲ್ಲ.

ಇನ್ನೊಂದು ಕಡೆ ನಮ್ಮ ವಿಭಕ್ತಿ ಪ್ರತ್ಯಯ ಕೈಕೊಡುತ್ತದೆ. 'ಇಂದ' ಎಂಬುದು ಮಹಾ ಉದಾರಿ. ಕೊಡಲಿಯಿಂದ ಕಡಿದ, ಮಳೆಯಿಂದ ಬೆಳೆ ಬಂತು, ಶಿರಸಿಯಿಂದ ಬಂದ, ನಿನ್ನೆಯಿಂದ ಜ್ವರ. ಸಾಧನ, ಕಾರಣ, ಸ್ಥಳ, ಕಾಲ ಎಲ್ಲಕ್ಕೂ ಒಂದೇ. ಹೀಗಾಗಿ 'ನಂಬಿಕೆಯಿಂದ ರಕ್ಷಣೆ' ಎಂದರೆ ನಂಬಿಕೆಗೆ ಸಂಬಳವಾಗಿ ರಕ್ಷಣೆ ಎಂದೂ ಕೇಳಿಸೀತು. ಗ್ರೀಕಿನಲ್ಲಿ ಪೌಲ ನಂಬಿಕೆಯ ಮೂಲಕ ಎನ್ನುತ್ತಾನೆ. ನಂಬಿಕೆಯ ನಿಮಿತ್ತ ಎಂದು ಎಲ್ಲಿಯೂ ಹೇಳುವುದಿಲ್ಲ. ಎಫೆಸದ ಪತ್ರದ 2ನೆಯ ಅಧ್ಯಾಯಕ್ಕೆ ಬಂದಾಗ ನಮ್ಮ ಅನುವಾದಕರು ಜಾಣತನ ತೋರಿದ್ದಾರೆ: ಕೃಪೆಗೆ 'ಇಂದ', ನಂಬಿಕೆಗೆ 'ಮೂಲಕ'. ನೀರು ಬರುವುದು ಕೆರೆಯಿಂದ, ಕಾಲುವೆಯ ಮೂಲಕ. ಇಷ್ಟು ಗೊತ್ತಿದ್ದರೆ ರಕ್ಷಣಾಕ್ರಮದ ಮುಕ್ಕಾಲು ಪಾಠ ಮುಗಿಯಿತು.

ಈ ಪಾಠ ಕನ್ನಡ ನಾಡಿಗೆ ಬಂದ ದಾರಿಯನ್ನೂ ಹೇಳಬೇಕು. ಜರ್ಮನಿಯ ಆಗಸ್ಟ್ ಹರ್ಮನ್ ಫ್ರಾಂಕೆಗೆ 1687ರಲ್ಲಿ ಲ್ಯೂನೆಬುರ್ಗ್‌ನಲ್ಲಿ ಒಂದು ಪ್ರಸಂಗ ಸಿದ್ಧಮಾಡಬೇಕಾಗಿತ್ತು. ಯಾವ ನಂಬಿಕೆಯ ಬಗ್ಗೆ ಮಾತಾಡಬೇಕೋ ಅದೇ ತನ್ನಲ್ಲಿಲ್ಲ ಎನ್ನಿಸಿ ಕಂಗೆಟ್ಟು, ಮೊಣಕಾಲೂರಿ, ಅಲ್ಲಿಂದ ಬೇರೆ ಮನುಷ್ಯನಾಗಿ ಎದ್ದ. ಅವನು ಮುಂದೆ ಹಾಲೆಯಲ್ಲಿ ಕಟ್ಟಿದ ಸಂಸ್ಥೆಗಳಲ್ಲಿ ಈ ಅನುಭವವೇ ಮಾದರಿಯಾಯಿತು: ಮೊದಲು ಪಾಪದ ಅರಿವು, ಆಮೇಲೆ ಪಶ್ಚಾತ್ತಾಪದ ಹೋರಾಟ, ಆಮೇಲೆ ಬಿಡುಗಡೆ. ಒಬ್ಬನ ಒಂದು ರಾತ್ರಿ ಎಲ್ಲರ ವೇಳಾಪಟ್ಟಿಯಾಯಿತು. ಅದೇ ಹಾಲೆಯಲ್ಲಿ ಓದಿದ ಜಿನ್ಸೆನ್‌ಡೋರ್ಫ್ ಇಂಥ ಹೋರಾಟ ಎಲ್ಲರಿಗೂ ಕಡ್ಡಾಯವಲ್ಲ ಎಂದು ತಿರುಗಿಬಿದ್ದ.

1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಫ್ರಾಂಕೆಯ ಈ ಭಕ್ತಿಪಂಥದ ಕೂಸು, ಅದರಲ್ಲೂ ವ್ಯುರ್ಟೆಂಬರ್ಗ್ ಸೀಮೆಯದು. ಮಿಶನರಿಯಾಗಲು ಬಯಸಿದವನು ಅರ್ಜಿಯ ಜೊತೆಗೆ ತನ್ನ ಜೀವನವೃತ್ತಾಂತ ಬರೆದು ಕೊಡಬೇಕಿತ್ತು. ಹೇಗೆ ಎಚ್ಚರಗೊಂಡೆ ಎಂಬುದು ಅದರ ತಿರುಳು. ಆ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1847ರಲ್ಲಿ ಅಲ್ಲಿ ಶುರುವಾದ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು. ನಮ್ಮ ಸಭೆಗಳಲ್ಲಿ 'ಸಾಕ್ಷಿ ಹೇಳುವುದು' ಎಂಬ ಪದ್ಧತಿಯಿದೆಯಲ್ಲ, ಹಿಂದೆ ಹೀಗಿದ್ದೆ, ಇಂಥ ದಿನ ಹೀಗಾಯಿತು, ಈಗ ಹೀಗಿದ್ದೇನೆ ಎಂಬ ಮೂರು ಕಟ್ಟಿನ ಆ ಕತೆಯಲ್ಲಿ ನನಗೆ ಫ್ರಾಂಕೆಯ ಮೊಣಕಾಲು ಕಾಣುತ್ತದೆ.

ಹೊಸ ಹುಟ್ಟು ಎಂಬ ಮಾತಿಗೂ ಇಲ್ಲೊಂದು ಪೀಕಲಾಟ ಕಾದಿತ್ತು. ಹೊಸದಾಗಿ ಹುಟ್ಟಬೇಕೆಂದು ಯೇಸುವಿನಿಂದ ಕೇಳಿಸಿಕೊಂಡ ನಿಕೊದೇಮನ ಕತೆಯನ್ನು ಕನ್ನಡದಲ್ಲಿ ಹೇಳಲು ಹೊರಟವನಿಗೆ ಕೈಗೆ ಸಿಗುವ ಸಂಸ್ಕೃತ ಪದ ಪುನರ್ಜನ್ಮ. ಯಾವುದರಿಂದ ಬಿಡುಗಡೆ ಬೇಕೆಂದು ಈ ನೆಲದ ಸಂತರು ಹಾಡಿದರೋ ಅದನ್ನೇ ಹೊಂದಿರಿ ಎಂದು ಸಾರಿದಂತಾಗುತ್ತದೆ! ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದ ಬಾಸೆಲ್ ಮಿಶನ್ನಿನ ಮೋಗ್ಲಿಂಗ್‌ನಂಥವರಿಗೆ ಈ ಅಪಾಯ ಬಿಡಿಸಿ ಹೇಳಬೇಕಾಗಿರಲಿಲ್ಲ. ಕನ್ನಡ ಬೈಬಲಿನಲ್ಲಿ ಇರುವುದು ಹೊಸದಾಗಿ ಹುಟ್ಟುವುದು, ಅಚ್ಚಗನ್ನಡ. ಗ್ರೀಕ್ ಪದಕ್ಕೆ 'ಮತ್ತೆ' ಎಂಬ ಅರ್ಥದ ಜೊತೆಗೆ 'ಮೇಲಿನಿಂದ' ಎಂಬ ಅರ್ಥವೂ ಇದೆ. ನಿಕೊದೇಮ ಒಂದನ್ನು ಕೇಳಿಸಿಕೊಂಡ, ಇನ್ನೊಂದನ್ನು ಬಿಟ್ಟ. ನಾವೂ ಹಾಗೆಯೇ ಬಿಟ್ಟಿದ್ದೇವೆ.

ಗಡಿಯಾರದ ಮಾತೆತ್ತಿದ ಮೇಲೆ ಜಾನ್ ವೆಸ್ಲಿಯನ್ನು ಬಿಡುವ ಹಾಗಿಲ್ಲ. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ. ಮನಸ್ಸಿಲ್ಲದ ಮನಸ್ಸಿನಿಂದ ಒಂದು ಕೂಟಕ್ಕೆ ಹೋಗಿದ್ದ. ರೋಮಾಪುರದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಹದಿನೈದು ನಿಮಿಷ ಇರುವಾಗ ಎದೆ ಬೆಚ್ಚಗಾಯಿತು ಎಂದು ದಿನಚರಿಯಲ್ಲಿ ಬರೆದ. ಉಜ್ಜೀವನ ಕೂಟಗಳು ಈ ಪುಟವನ್ನು ಬಾಯಿಪಾಠ ಮಾಡಿವೆ. ಅದೇ ದಿನಚರಿಯಲ್ಲಿ ಮರುವರ್ಷದ ಜನವರಿ 4ರ ಪುಟವನ್ನು ಯಾರೂ ಓದುವುದಿಲ್ಲ: ನಾನು ಈಗ ಕ್ರೈಸ್ತನಲ್ಲ ಎಂದು ಅಲ್ಲಿ ಅವನೇ ಬರೆದುಕೊಂಡಿದ್ದಾನೆ. ಏಳೂವರೆ ತಿಂಗಳೂ ಕಳೆದಿರಲಿಲ್ಲ. ಇನ್ನೂ ಸ್ವಾರಸ್ಯ ಮುಂದಿದೆ. ಮೊದಲು ಬರೆದಾಗ, ಜಾರ್ಜಿಯಾಕ್ಕೆ ಮಿಶನರಿಯಾಗಿ ಹೋಗಿದ್ದ ದಿನಗಳಲ್ಲಿ ತಾನೇ ಮಾರ್ಪಟ್ಟಿರಲಿಲ್ಲ ಎಂದಿದ್ದ. ಮುದುಕನಾದ ಮೇಲೆ ದಿನಚರಿಯ ಮರುಮುದ್ರಣಕ್ಕೆ ಅಡಿಟಿಪ್ಪಣಿ ಹಾಕಿದ: ಇದು ಖಚಿತವಿಲ್ಲ, ಆಗಲೂ ನನ್ನಲ್ಲಿ ಆಳಿನ ನಂಬಿಕೆ ಇತ್ತು, ಮಗನದು ಇರಲಿಲ್ಲ ಅಷ್ಟೇ. ತನ್ನ ಫಾರಂನ ನಾಲ್ಕನೆಯ ಸಾಲನ್ನು ಅವನೇ ತಿದ್ದಿದ.

ಆಳು ಮತ್ತು ಮಗ. ಇದು ರೋಮಾಪುರದ ಪತ್ರದ 8ನೆಯ ಅಧ್ಯಾಯದ್ದೇ ಭೇದ. ಅಲ್ಲಿ ಪೌಲನ ಪದ ದತ್ತುಸ್ವೀಕಾರ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಐದೇ ಸಲ. ಶಾಸ್ತ್ರಕಾರರು ಇದಕ್ಕೆ ಕೊಟ್ಟ ಜಾಗವೂ ಅಷ್ಟಕ್ಕಷ್ಟೆ. 1646ರ ವೆಸ್ಟ್‌ಮಿನ್ಸ್‌ಟರ್ ವಿಶ್ವಾಸಪ್ರಕಟನೆಯಲ್ಲಿ ದತ್ತಿನ ಅಧ್ಯಾಯ ಒಂದೇ ಒಂದು ಪ್ಯಾರಾ. ಆ ಪ್ರಕಟನೆಯಲ್ಲಿ ನಂಬಿಕೆಯ ಅಧ್ಯಾಯ ನೀತಿನಿರ್ಣಯದ ಅಧ್ಯಾಯಕ್ಕಿಂತ ಮೂರು ಅಧ್ಯಾಯ ಹಿಂದೆ ಬಿದ್ದಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪರಿವಿಡಿಯನ್ನು ವೇಳಾಪಟ್ಟಿಯೆಂದು ಓದುವವರು ಅಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲ.

ನನಗೆ ಕೇಳಿದರೆ ಇಡೀ ಕ್ರಮವನ್ನು ದತ್ತಿನ ಕಡೆಯಿಂದ ಓದಬೇಕು. ಈ ದೇಶದ ಹಿಂದೂ ದತ್ತಕ ಕಾಯ್ದೆ 1956ರದು. ಅದರ ಪ್ರಕಾರ ಹೋಮ ಆಗಲೇಬೇಕೆಂದಿಲ್ಲ. ಮಗುವನ್ನು ನಿಜವಾಗಿ ಕೊಡುವುದು ಮತ್ತು ತೆಗೆದುಕೊಳ್ಳುವುದು ಆಗಲೇಬೇಕು. ಕೊಡುವವರು ಇದ್ದಾರೆ, ತೆಗೆದುಕೊಳ್ಳುವವರು ಇದ್ದಾರೆ, ಮಗು ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅದು ಆಮೇಲೆ ಅಪ್ಪಾ ಎಂದು ಕರೆಯಲು ಕಲಿಯುತ್ತದೆ. ಕರೆಯಲು ಕಲಿತದ್ದಕ್ಕೆ ದತ್ತು ಆದದ್ದಲ್ಲ. ಕರೆಯದೆ ಇದ್ದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದೂ ಅಷ್ಟೇ ನಿಜ. ಕೃಪೆ, ನಂಬಿಕೆ, ಪವಿತ್ರೀಕರಣಗಳ ನಂಟನ್ನು ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ದತ್ತಿನ ಮಾತನ್ನು ಪೀಠದಿಂದ ಸಾರುತ್ತ ಬಂದ ಭಾರತದ ಕ್ರೈಸ್ತರಿಗೆ ದತ್ತು ತೆಗೆದುಕೊಳ್ಳುವ ಕಾಯ್ದೆಯೇ ಇರಲಿಲ್ಲ. 1890ರ ಕಾಯ್ದೆಯಡಿ ಬಹುಕಾಲ ಅವರು ಮಗುವಿನ ಪೋಷಕರು ಮಾತ್ರ, ತಂದೆತಾಯಿ ಅಲ್ಲ. ದಾರಿ ತೆರೆದದ್ದು ಈ ಶತಮಾನದ ಬಾಲನ್ಯಾಯ ಕಾಯ್ದೆಯಿಂದ.

ಕೊನೆಯದಾಗಿ, ಆ 8ನೆಯ ಅಧ್ಯಾಯವನ್ನು ಮನೆಗೆ ಹೋಗಿ ತೆಗೆದು ನೋಡಿ. 15ನೆಯ ವಚನದಲ್ಲಿ ಮಕ್ಕಳನ್ನಾಗಿ ಸ್ವೀಕರಿಸಿದ ಆತ್ಮವನ್ನು ನೀವು ಹೊಂದಿದ್ದೀರಿ, ಆಗಲೇ ಅಪ್ಪಾ ಎಂದು ಕೂಗುತ್ತಿದ್ದೀರಿ ಎನ್ನುತ್ತಾನೆ ಪೌಲ. 23ನೆಯ ವಚನಕ್ಕೆ ಬಂದರೆ ಅದೇ ದತ್ತಿಗಾಗಿ ನಾವು ನರಳುತ್ತ ಕಾಯುತ್ತಿದ್ದೇವೆ ಎನ್ನುತ್ತಾನೆ. ಗ್ರೀಕಿನಲ್ಲಿ ಪದವೂ ಅದೇ. ನಡುವೆ ಇರುವುದು ಏಳು ವಚನ. ತೆರ್ತ್ಯ ಎರಡನ್ನೂ ಹೇಳಿದ ಹಾಗೆಯೇ ಬರೆದುಕೊಂಡ.